ದಪ್ಪ ಲೋಟ

"ಅಕ್ಕಾ, ಗಪ್‌ಚುಪ್ ಇವತ್ತು ಕ್ಲಾಸಲ್ಲಿ ಬಾಯಿಬಿಟ್ಲು ಕಣೇ. ಅದೂ ನಾನು ಹೇಳಿದ್ದು ತಪ್ಪು ಅನ್ನೋಕೆ."

ಅಕ್ಕ ಇಸ್ತ್ರಿ ಮಾಡ್ತಿದ್ದೋಳು ನಿಲ್ಲಿಸಿದ್ಲು. "ಯಾರು, ನಿನ್ನ ಪಕ್ಕ ಕೂರೋಳಾ? ಹಾಜರಿಗೂ ಬರೀ ಕೈ ಎತ್ತೋಳು?"

"ಅವಳೇ."

ಗಪ್‌ಚುಪ್ ಅನ್ನೋದು ನಾವಿಟ್ಟ ಹೆಸರು ಅಷ್ಟೇ, ಅವಳಿಗೆ ಎಲ್ಲಾ ಗೊತ್ತು. ಆದ್ರೆ ಯಾರಾದ್ರೂ ತಿರುಗಿ ನೋಡಿದ್ರೆ ಸಾಕು, ಪುಸ್ತಕದಲ್ಲಿ ಮುಖ ಮುಚ್ಕೋತಾಳೆ. ಭೌತಶಾಸ್ತ್ರದಲ್ಲಿ ದಿನಾ ಎದ್ದು ಉತ್ತರ ಹೇಳ್ಬೇಕು, ಅದಕ್ಕೇ ಅದನ್ನ ಬಿಟ್ಟು ಬೇರೆ ವಿಷಯ ತಗೋತೀನಿ, ನಾಳೆನೇ ಅರ್ಜಿ ಕೊಡ್ತೀನಿ ಅಂತ ನಿನ್ನೆ ನಂಗೆ ಹೇಳಿದ್ಲು. ಆಮೇಲೆ ನನ್ನ ಪಕ್ಕ ಯಾರು ಕೂರ್ತಾರೆ ಅಂತ ನಂಗೆ ರಾತ್ರಿ ಊಟನೇ ಸೇರಲಿಲ್ಲ.

ಇವತ್ತು ಭೌತಶಾಸ್ತ್ರದ ಮಿಸ್ ಬಂದು ಒಂದು ಹೊಸ ವರಸೆ ತೆಗೆದ್ರು. "ಯಾರೂ ತಮ್ಮ ಉತ್ತರ ಹೇಳ್ಬೇಡಿ. ಪಕ್ಕದವರ ಕಿವೀಲಿ ಹೇಳಿ, ಅವರು ಎದ್ದು ಹೇಳ್ತಾರೆ. ತಪ್ಪು ಬಂದ್ರೆ ಬಯ್ಗುಳ ಇಬ್ಬರಿಗೂ ಅರ್ಧರ್ಧ."

ಪ್ರಶ್ನೆ ಏನಂದ್ರೆ, ಕುದಿಯೋ ನೀರು ಹಾಕಿದ್ರೆ ಯಾವ ಗಾಜಿನ ಲೋಟ ಬೇಗ ಬಿರುಕು ಬಿಡುತ್ತೆ, ದಪ್ಪದ್ದಾ ತೆಳುವಾದ್ದಾ? ಗಪ್‌ಚುಪ್ ನನ್ನ ಕಿವೀಲಿ ಪಿಸುಗುಟ್ಟಿದ್ಲು. ನಾನು ಅರ್ಧ ಕೇಳಿಸ್ಕೊಂಡೇ ಎದ್ದು ನಿಂತೆ, ನನ್ನ ಬಾಯಿ ಗೊತ್ತಲ್ಲ.

"ತೆಳುವಾದ್ದು ಮಿಸ್, ಪಾಪ ಅದಕ್ಕೆ ಶಕ್ತಿ ಕಮ್ಮಿ."

"ದಪ್ಪದ್ದು," ಅಂತ ಪಕ್ಕದಿಂದ ಬಂತು. "ನಾನು ದಪ್ಪದ್ದು ಅಂದಿದ್ದು."

ಎಲ್ಲರೂ ತಿರುಗಿದ್ರು. ಇವಳು ಈಗ ಎದ್ದು ಓಡಿಹೋಗ್ತಾಳೆ ಅಂದ್ಕೊಂಡೆ. ಆದ್ರೆ ಮಿಸ್ ಭೇಷ್ ಅನ್ನಲಿಲ್ಲ, ಚಪ್ಪಾಳೆ ಹೊಡೆಸಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ಬೋರ್ಡಿನ ಮೇಲೆ ಲೋಟದ ಚಿತ್ರ ಬರೀತಾ ಬರೀತಾ "ಯಾಕೆ?" ಅಂದ್ರು ಅಷ್ಟೇ. ಎಲ್ಲರ ಕಣ್ಣೂ ಬೋರ್ಡ್ ಕಡೆ ಹೋಯ್ತು.

"ಒಳಗಡೆ ಬಿಸಿಯಾಗಿ ಹಿಗ್ಗುತ್ತೆ. ಹೊರಗಡೆ ಇನ್ನೂ ತಣ್ಣಗೇ ಇರುತ್ತೆ. ದಪ್ಪ ಇದ್ದಷ್ಟೂ ಎಳೆದಾಟ ಜಾಸ್ತಿ," ಅಂದ್ಲು ಗಪ್‌ಚುಪ್.

"ಹೂಂ," ಅಂದು ಮಿಸ್ ಅದನ್ನೇ ಬರೆದ್ರು.

ಅಕ್ಕ ನಕ್ಕಳು. "ನಿನ್ನ ದಡ್ಡತನಾನೂ ಒಂದು ಕೆಲಸಕ್ಕೆ ಬಂತು ಬಿಡು. ಅರ್ಜಿ ಕಥೆ?"

"ಅದನ್ನೇ ಕೇಳೋಕೆ ಹೆದರ್ಕೊಂಡು ಗೇಟ್‌ವರೆಗೂ ಸುಮ್ನೆ ನಡೆದೆ."

"ನೀನು? ಸುಮ್ನೆ?"

"ಹೂಂ ಕಣೇ. ಕೊನೆಗೆ ಅವಳೇ ಅಂದ್ಲು, ಅರ್ಜಿ ಕೊಡಲ್ಲ ಅಂತ. ನಿನ್ನ ಬಾಯಿಗೆ ನನ್ನ ಉತ್ತರ ಒಪ್ಪಿಸಿದ್ರೆ ನನ್ನ ಮಾನ ಹೋಗುತ್ತೆ, ಇನ್ಮೇಲೆ ನಾನೇ ಹೇಳ್ತೀನಿ ಅಂದ್ಲು."

ನಂಗೆ ಎಷ್ಟು ಹಗುರ ಆಯ್ತು ಅಂದ್ರೆ, ಅಲ್ಲೇ ಅವಳ ಬ್ಯಾಗೂ ನಾನೇ ಹೊತ್ಕೊಂಡೆ.

ಈಗಷ್ಟೇ ಅವಳ ಮೆಸೇಜ್ ಬಂತು. "ನಾಳೆ ಬೆಲ್ ಆಗೋಕೆ ಮುಂಚೆ ಲ್ಯಾಬ್ ಮೆಟ್ಟಿಲ ಹತ್ರ ಬಾ. ಮುಂದಿನ ಪಾಠ ನಿಂಗೆ ಹೇಳ್ಕೊಡ್ತೀನಿ. ಲೇಟ್ ಮಾಡ್ಬೇಡ."

ಬರ್ತೀನಿ ಅಂತ ಕಳಿಸಿದೆ.