ಚೌಡಿಕಲ್ಲಿನ ಮೇಲೆ ಇಟ್ಟ ಕೈ

ಮೂರರಲ್ಲಿ ಒಂದು ಮಾತು ನಿಜ. ಒಂದು ನಿಜ ಹೇಳಿದ ಬಾಯಲ್ಲೇ ಎರಡು ಸುಳ್ಳು ಹೇಳಿದರೆ ಚೌಡಿ ಯಾವುದನ್ನು ಹಿಡಿದುಕೊಳ್ಳುತ್ತಾಳೆ? ನಿಜ ಕೇಳಿಸಿಕೊಂಡು ಸುಳ್ಳನ್ನು ಬಿಟ್ಟುಬಿಡುತ್ತಾಳೋ, ಇಲ್ಲ ಮೂರನ್ನೂ ಸೇರಿಸಿ ಹೇಳಿದವನ ತಲೆಗೇ ಕಟ್ಟುತ್ತಾಳೋ? ತುಂಬಿದ ಕೊಡಪಾನ ಎತ್ತಿಕೊಂಡು ಬಸ್ ಗ್ಯಾರೇಜಿನ ಹಿಂದಕ್ಕೆ ನಡೆಯುತ್ತಿದ್ದ ಬೆಳ್ಳಪ್ಪನಿಗೆ ಅದು ಬಗೆಹರಿಯಲಿಲ್ಲ.

"ಏಯ್, ನೀರು ಚೆಲ್ತಾ ಬರ್ತೀಯಲ್ಲೋ ಬೋಳಿಮಗನೆ! ಆಮೇಲೆ ಕಲ್ಲು ತೊಳಿಯೋಕೆ ನಿಮ್ಮಪ್ಪ ತಂದ್ಕೊಡ್ತಾನಾ?" ಬಸ್ಸಿನ ಓನರ್ ಪೂರ್ಣೇಶ ಕೂಗಿದ.

ಆ ನೀರು, ಬೆಳ್ಳಪ್ಪ ಮುಟ್ಟಿದ ಮೇಲೆ ಚೌಡಿಯ ಕಲ್ಲನ್ನು ತೊಳೆಯುವುದಕ್ಕೆ. ತರಬೇಕಾದವನೂ ಅವನೇ. ಅವನು ಮುಟ್ಟಿದ ಕಲ್ಲನ್ನು ಅವನೇ ಹೊತ್ತ ನೀರು ಶುದ್ಧ ಮಾಡುವುದು ಹೇಗೆ ಎಂದು ಯಾರೂ ಕೇಳಿರಲಿಲ್ಲ. ಪೂಜೆಗೆ ಬರುವ ಭಟ್ಟರು ಕೊಡಪಾನಕ್ಕೆ ಒಂದು ತುಳಸಿ ದಳ ಹಾಕುತ್ತಿದ್ದರು. ಅಷ್ಟಕ್ಕೆ ಎಲ್ಲ ಸರಿಹೋಗುತ್ತಿತ್ತು.

ಇದು ಪೂರ್ಣೇಶನ ಅಪ್ಪನ ಕಾಲದಿಂದ ಬಂದ ಪದ್ಧತಿ. ಡ್ರೈವರಿರಲಿ, ಕಂಡಕ್ಟರಿರಲಿ, ಕ್ಲೀನರಿರಲಿ, ಕೆಲಸ ಬಿಡುವ ದಿನ ಗ್ಯಾರೇಜಿನ ಹಿಂದಿನ ಚೌಡಿಕಲ್ಲಿನ ಮೇಲೆ ಬಲಗೈ ಇಟ್ಟು ಮೂರು ಮಾತು ಹೇಳಬೇಕು. ಈ ಮನೆಯದು ನಾನು ಏನೂ ಕದ್ದಿಲ್ಲ. ಈ ಮನೆಯಿಂದ ನನಗೆ ಬರಬೇಕಾದ್ದು ಏನೂ ಇಲ್ಲ. ಕೆಲಸ ನಾನೇ ಬಿಟ್ಟೆ. ಹೇಳಿದವನಿಗೆ ಒಂದು ಹೋಳು ತೆಂಗಿನಕಾಯಿ. ಬೇರೆ ಓನರ್ ವಿಚಾರಿಸಿದರೆ 'ಜನ ಒಳ್ಳೇನು' ಎಂದು ಒಂದು ಫೋನು. ಹಾಜರಿ ಪುಸ್ತಕವಾಗಲಿ, ಸೇರಿದ ಕಾಗದ, ಬಿಟ್ಟ ಕಾಗದವಾಗಲಿ ಆ ಗ್ಯಾರೇಜಿನಲ್ಲಿ ಯಾರೂ ಕಂಡದ್ದಿಲ್ಲ. "ನಮ್ ರೆಕಾರ್ಡೆಲ್ಲ ಚೌಡಮ್ಮನ ಹತ್ರ ಇದಾವೆ. ಅವ್ಳಿಗೆ ಗೆದ್ದಲು ಹತ್ತಲ್ಲ" ಎಂದು ಪೂರ್ಣೇಶ ನಗುತ್ತಿದ್ದ.

ಉಳಿದ ದಿನಗಳಲ್ಲಿ ಪೂಜೆಯ ಹೊತ್ತಿಗೆ ಬೆಳ್ಳಪ್ಪನ ಕೇರಿಯವರು ಹಳೇ ಟಯರಿನ ರಾಶಿಯಿಂದ ಈಚೆಗೇ ನಿಲ್ಲಬೇಕು. ಪ್ರಸಾದ ಅಲ್ಲಿಗೇ ಬರುತ್ತದೆ. ಕಲ್ಲು ಮುಟ್ಟುವ ಭಾಗ್ಯ ಕೆಲಸ ಹೋದ ದಿನ ಮಾತ್ರ.

ಬೆಳ್ಳಪ್ಪ ಹನ್ನೊಂದು ವರ್ಷ ಈ ಬಸ್ಸಿನಲ್ಲಿ, ರಿಪ್ಪನ್‌ಪೇಟೆಯಿಂದ ಹುಂಚದ ಮೇಲೆ ತೀರ್ಥಹಳ್ಳಿಗೆ, ಟಿಕೆಟ್ ಹರಿದವನು. "ಪಿಎಫ್ ಅಂತ ಏನೋ ಇರ್ತದಂತಲ್ಲ ಗೌಡ್ರೆ, ನಮ್ಗೂ ಮಾಡ್ಸಿ" ಎಂದು ಕೇಳಿದ್ದಷ್ಟೇ ಅವನು ಮಾಡಿದ ತಪ್ಪು. ಮರುದಿನ ಹುಂಚದ ಸ್ಟಾಪಿನಲ್ಲಿ ಪೂರ್ಣೇಶ ಬಸ್ಸಿಗೆ ಜೀಪು ಅಡ್ಡ ನಿಲ್ಲಿಸಿದ. ಹತ್ತಿ ಬಂದವನೇ ಬೆಳ್ಳಪ್ಪನ ಹೆಗಲಿಂದ ಚರ್ಮದ ಬ್ಯಾಗು ಕಿತ್ತುಕೊಂಡ.

"ಜೇಬು ಹೊರಗೆ ಹಾಕೋ."

ಹಾಕಿದ. ಒಂದು ಬಾಚಣಿಗೆ, ಮಗಳು ಲಿಖಿತಾಳ ಜ್ವರಕ್ಕೆ ತೆಗೆದುಕೊಂಡ ಮಾತ್ರೆ.

"ಚಡ್ಡಿ ಒಳಗೂ ಜೇಬು ಹೊಲಿಸ್ಕೊಂಡಿರ್ತಾರೆ ಈ ಸೂಳೆಮಕ್ಳು. ನೋಡ್ಲಾ?"

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಬಸ್ಸು ಹತ್ತುವಾಗ ದಿನಾ ಅವನ ಕೈಗೆ ಕೂಸು ಕೊಡುತ್ತಿದ್ದ ಹೆಂಗಸರು ಕಿಟಕಿಯ ಹೊರಗೆ ನೋಡಿದರು. ಏನೂ ಸಿಗಲಿಲ್ಲ. ಸಿಗದಿದ್ದರೂ "ಇಳಿ ಕೆಳಗೆ, ಇವತ್ತಿಂದ ಬರ್ಬೇಡ" ಎಂಬ ಮಾತು ಬದಲಾಗಲಿಲ್ಲ. ಬಸ್ಸು ಹೊರಟಿತು. ಬೆಳ್ಳಪ್ಪನ ಬಾಯಿಗೆ ಅಭ್ಯಾಸಬಲದಿಂದ "ರೈಟ್" ಬಂತು.

ಸಾಗರಕ್ಕೆ ಹೋಗಿ ಶ್ರೀನಾಥ್ ಎಂಬ ಇನ್ನೊಬ್ಬ ಓನರನ್ನು ಕಂಡ. ಶ್ರೀನಾಥ್ ಫೋನು ತೆಗೆದು ಅವನ ಮುಖಕ್ಕೆ ಹಿಡಿದ.

"ನಿನ್ ಫೋಟೋ ಚೆನ್ನಾಗಿ ಬಂದದೆ ನೋಡು ಮಾರಾಯ."

ಓನರುಗಳ ವಾಟ್ಸಾಪ್ ಗುಂಪು. ಆಯುಧಪೂಜೆಯ ದಿನ ಬಸ್ಸಿಗೆ ಹಾರ ಹಾಕಿ ತೆಗೆದ ಫೋಟೋದಲ್ಲಿ ಹಾರ, ಬಸ್ಸು ಎಲ್ಲ ಕತ್ತರಿಸಿ ಬೆಳ್ಳಪ್ಪನ ಮುಖ ಮಾತ್ರ ಉಳಿಸಿದ್ದರು. ಕೆಳಗೆ: 'ಕೈ ಸರಿ ಇಲ್ಲ. ಯಾರೂ ತಗೋಬೇಡಿ.' ಅದರ ಕೆಳಗೆ ಸಾಲಾಗಿ ಹೆಬ್ಬೆಟ್ಟು ಎತ್ತಿದ ಚಿತ್ರಗಳು.

"ನಂಗೇನು ನಿನ್ಮೇಲೆ ಸಿಟ್ಟಾ? ಪೂರ್ಣೇಶ ಒಂದು ಫೋನ್ ಹೊಡೀಲಿ, ನಾಳೆನೇ ಬಾ."

ಇನ್ನು ಉಳಿದದ್ದು ತೀರ್ಥಹಳ್ಳಿಯ ಒಂದು ಶಾಲೆ. ಅಲ್ಲಿ ಮಕ್ಕಳ ಬಸ್ಸಿಗೆ ಜನ ಬೇಕಾಗಿತ್ತು. ಅವರು ಯಾವ ಗುಂಪಿನಲ್ಲೂ ಇರಲಿಲ್ಲ. ಆಫೀಸಿನ ಶ್ರೀಗೌರಿ ಮೇಡಂ ಮರ್ಯಾದೆಯಿಂದಲೇ ಮಾತಾಡಿದರು.

"ಹಿಂದಿನ ಕಡೆಯಿಂದ ರಿಲೀವಿಂಗ್ ಲೆಟರ್ ತನ್ನಿ. ಯಾವಾಗ ಸೇರಿದ್ರಿ, ಏನು ಕೆಲ್ಸ, ಯಾವಾಗ ಬಿಟ್ರಿ, ಯಾಕೆ ಬಿಟ್ರಿ. ಮಕ್ಕಳ ವಿಷ್ಯ ಅಲ್ವಾ, ಅದಿಲ್ದೆ ಆಗಲ್ಲ."

"ಅವ್ರು ಕೊಡಲ್ಲ ಮೇಡಂ."

"ಕೊಡದೇ ಇರೋಕೆ ಹೇಗಾಗತ್ತೆ? ಬರೆದು ಕೊಡೋದು, ಒಂದು ಪ್ರತಿ ಇಟ್ಕೊಳ್ಳೋದು, ಎರಡೂ ಅವರ ಜವಾಬ್ದಾರಿ. ಸೋಮವಾರದೊಳಗೆ ತನ್ನಿ. ನಿಮಗೋಸ್ಕರ ಕಾಯ್ತೀನಿ."

ಆ ಮಾತನ್ನು ಬೆಳ್ಳಪ್ಪ ಹಾಗೇ ಒಯ್ದು ಪೂರ್ಣೇಶನ ಮುಂದಿಟ್ಟ. ಪೂರ್ಣೇಶ ಎಲೆಯಡಿಕೆ ಉಗಿದು ನಕ್ಕ.

"ಜವಾಬ್ದಾರಿ! ನಂಗೆ ಜವಾಬ್ದಾರಿ ಕಲಿಸೋಕೆ ಬಂದ ನೋಡು ಕೇರಿ ವಕೀಲ. ನನ್ ಬಾಯೇ ಕಣೋ ನಿನ್ ಲೆಟರು. ಚೌಡಿ ಮುಂದೆ ಮೂರ್ ಮಾತ್ ಹೇಳು. ಲೆಟರ್ ಏನು, ಮೊಹರು ಒತ್ತಿ ಕೊಡ್ತೀನಿ."

ಮನೆಯಲ್ಲಿ ತಾಯಿ ಗುತ್ಯಮ್ಮನಿಗೆ ಹೇಳಿದ. ಅವಳು ಒಲೆಯ ಬೂದಿ ಕೆದಕುತ್ತಲೇ ಕೇಳಿದಳು.

"ಹೊಟ್ಟೆಪಾಡಿಗೆ ಮನ್ಷರ ಮುಂದೆ ಸುಳ್ಳು ಹೇಳ್ಬೌದು ಮಗಾ. ಚೌಡಿ ಮೈ ಮುಟ್ಟಿ ಹೇಳಿದ್ರೆ ಮನೆ ಉಳೀತದಾ?"

"ಲೆಟರ್ ಇಲ್ದಿದ್ರೆ ಉಳೀತದೇನವ್ವಾ?"

ಗುತ್ಯಮ್ಮ ಬೂದಿಗೆ ನೀರು ಚಿಮುಕಿಸಿ ಎದ್ದಳು.

ಈಗ ಕೊಡಪಾನ ಇಳಿಸಿ ಬೆಳ್ಳಪ್ಪ ಕಲ್ಲಿನ ಮುಂದೆ ಮಂಡಿಯೂರಿದ. ಗ್ಯಾರೇಜಿನ ಮುಂದೆ ತೀರ್ಥಹಳ್ಳಿಯ ಮೊದಲ ಬಸ್ಸಿನ ಎಂಜಿನ್ನು ಗುರುಗುಟ್ಟುತ್ತಿತ್ತು. ಡ್ರೈವರ್ ಜಟ್ಟಪ್ಪ ಬೀಡಿ ಸೇದುತ್ತ ಟಯರ್ ರಾಶಿಯ ಬಳಿ ನಿಂತಿದ್ದ. ಚೌಡಿಗೆ ಪೂಜೆಯಾಗದೆ ಆ ಮನೆಯ ಬಸ್ಸು ಹೊರಡುವುದಿಲ್ಲ. ಭಟ್ಟರು ಹೂವಿನ ಬುಟ್ಟಿ ಹಿಡಿದು ಅವಸರಪಡಿಸಿದರು.

"ಬೇಗ ಹೇಳಿ ಮುಗಿಸು ಮಾರಾಯ. ಇನ್ನೆರಡು ಕಡೆ ಪೂಜೆ ಉಂಟು ನಂಗೆ."

ಬೆಳ್ಳಪ್ಪ ಬಲಗೈ ಇಟ್ಟ. ಕಲ್ಲು ತಣ್ಣಗಿತ್ತು. ಎಣ್ಣೆಗೂ ಕುಂಕುಮಕ್ಕೂ ಬೆರಳು ಜಾರಿತು. ಇಷ್ಟು ವರ್ಷ ದೂರದಿಂದ ಕೈಮುಗಿದವಳು ಇಷ್ಟು ಚಿಕ್ಕವಳು ಎಂದು ಅವನಿಗೆ ಗೊತ್ತಿರಲಿಲ್ಲ.

"ಈ ಮನೆಯದು ನಾನು ಏನೂ ಕದ್ದಿಲ್ಲ."

ಟಿಕೆಟ್ ಕೇಳುವ ಗಂಟಲಿನಲ್ಲೇ ಹೇಳಿದ. ರಸ್ತೆಯಲ್ಲಿ ಬಸ್ಸಿಗೆ ಕಾದವರಿಗೂ ಕೇಳಿಸಿತು.

"ಹ್ಞಾ, ಎರಡನೇದು" ಎಂದ ಪೂರ್ಣೇಶ.

ಬೆಳ್ಳಪ್ಪ ಅಂಗೈಯನ್ನು ಕಲ್ಲಿಗೆ ಇನ್ನಷ್ಟು ಒತ್ತಿದ.

"ಬಾಯಲ್ಲಿ ಏನು ಇಟ್ಕೊಂಡಿದೀಯೋ? ಎರಡನೇದು ಹೇಳು."

"ಬರಬೇಕಾದ್ದು ಇದೆ."

"ಏನಂದೆ?"

"ಈ ಮನೆಯಿಂದ ನಂಗೆ ಬರಬೇಕಾದ್ದು ಇದೆ. ಹನ್ನೊಂದು ವರ್ಷ ದುಡಿದಿದೀನಿ ಅಂತ ಬರಕೊಟ್ಟಿಲ್ಲ. ಅದು ಬರಬೇಕು." ಅವನು ತಲೆಯೆತ್ತಿದ. "ಗೌಡ್ರೆ, ನೀವೂ ಬನ್ನಿ. ನಿಮ್ ಕೈನೂ ಇಡಿ. ಬೆಳ್ಳಪ್ಪನ ಕೈ ಸರಿ ಇಲ್ಲ, ಬೆಳ್ಳಪ್ಪ ತಾನೇ ಬಿಟ್ಟು ಹೋದ ಅನ್ನಿ. ನೀವು ಹೇಳಿದ್ರೆ ನಾನೂ ಹೇಳ್ತೀನಿ."

ಪೂರ್ಣೇಶನ ಬಲಗೈ ಪ್ಯಾಂಟಿನ ಜೇಬಿಗೆ ಹೋಯಿತು. ಅಲ್ಲಿಂದ ಹೊರಗೆ ಬರಲಿಲ್ಲ. ಭಟ್ಟರು ಹೂವು ಬಿಡಿಸುವುದರಲ್ಲಿ ಮುಳುಗಿದರು.

"ಕೈ ತೆಗಿಯೋ."

ತೆಗೆಯಲಿಲ್ಲ.

"ತೆಗಿಯೋ ಹಲ್ಕಾ ನನ್ಮಗನೆ!" ಚಪ್ಪಲಿ ಬಿಟ್ಟ ಬರಿಗಾಲು ಬೆನ್ನಿನ ಎತ್ತರಕ್ಕೆ ಎದ್ದಿತು. ಎದ್ದದ್ದು ಹಾಗೇ ಇಳಿಯಿತು. ಒದ್ದರೆ ಬೆಳ್ಳಪ್ಪ ಕಲ್ಲಿನ ಮೇಲೇ ಬೀಳುತ್ತಾನೆ, ಒದೆ ಅವಳಿಗೂ ತಾಗುತ್ತದೆ ಎನ್ನುವುದು ಪೂರ್ಣೇಶನಿಗೆ ಆ ಸಿಟ್ಟಿನಲ್ಲೂ ಹೊಳೆದಿತ್ತು.

"ಜಟ್ಟಾ, ಬಂದು ಎಳಿಯೋ ಇವ್ನ."

ಜಟ್ಟಪ್ಪ ಬೀಡಿ ಕೆಳಗೆ ಹಾಕಿ ಹೊಸಕಿದ. ಟಯರ್ ರಾಶಿಯ ಕಡೆ ನೋಡಿದ.

"ನಾವು ಅಲ್ಲಿಗೆ ಬರಂಗಿಲ್ಲಲ್ಲ ಗೌಡ್ರೆ."

"ನಾನು ಹೇಳ್ತಿದೀನಿ, ಬಾ!"

"ಆಣೆ ಹಾಕ್ತಿರೋನ್ನ ಎಳೆದ್ರೆ ದೋಷ ನನ್ ಹೆಂಡ್ತಿ ಮಕ್ಳಿಗೆ ಸುತ್ಕೊಳ್ತದೆ. ನೀವೇ ಎಳೀರಿ, ನಿಮ್ ಚೌಡಿ ಅಲ್ವಾ."

ಹೇಳಿ ಮುಂದೆ ಹೋಗಿ ಎಂಜಿನ್ನು ನಿಲ್ಲಿಸಿದ. ಗುರುಗುಟ್ಟುವುದು ನಿಂತ ಮೇಲೆ ಜನರ ಮಾತು ಹಿಂದಕ್ಕೂ ಕೇಳತೊಡಗಿತು. ಯಾಕೆ ಬಿಟ್ಟಿಲ್ಲ, ಆಸ್ಪತ್ರೆಗೆ ಹೋಗ್ಬೇಕು, ಕಾಲೇಜಿಗೆ ತಡ ಆಯ್ತು. ಇಬ್ಬರು ಮೂವರು ಗ್ಯಾರೇಜನ್ನು ಬಳಸಿ ಹಿಂದಕ್ಕೇ ಬಂದು ನಿಂತರು. ಒಬ್ಬ ಫೋನು ಎತ್ತಿ ಹಿಡಿದ.

"ಹೂ ಏರಿಸಿ ಭಟ್ರೆ, ಪೂಜೆ ಮಾಡಿ" ಎಂದ ಪೂರ್ಣೇಶ.

"ಅವನ ಕೈ ಇರೂ ತನಕ ನಾ ಹ್ಯಾಂಗೆ ಮಾಡ್ಲಿ? ಮಾಡೂಕೆ ಬರೂದಿಲ್ಲ." ಭಟ್ಟರು ಬುಟ್ಟಿ ಸಮೇತ ಎರಡು ಹೆಜ್ಜೆ ಸರಿದರು.

ಪೂರ್ಣೇಶ ಜೀಪಿಗೆ ಹೋದ. ಬರುವಾಗ ಕೈಯಲ್ಲಿ ಬಸ್ಸಿನ ಹೆಸರು ಅಚ್ಚು ಮಾಡಿದ ಹಾಳೆ, ಪೆನ್ನು, ಮೊಹರು ಇದ್ದವು. ಬೆಳ್ಳಪ್ಪನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವನ ದನಿ ಇಷ್ಟು ಮೆತ್ತಗಾದದ್ದನ್ನು ಬೆಳ್ಳಪ್ಪ ಹಿಂದೆ ಕೇಳಿರಲಿಲ್ಲ.

"ನೋಡು ಬೆಳ್ಳಪ್ಪಾ, ಎರಡನೇದು ಬೇಡ, ಬಿಡು. ಇಲ್ಲೇ ಬರೀತೀನಿ. ಹನ್ನೊಂದು ವರ್ಷ, ಕಂಡಕ್ಟರ್, ನಡತೆ ಉತ್ತಮ. ಗುಂಪಿಂದ ಫೋಟೋನೂ ತೆಗೀತೀನಿ. ಮೂರನೇದೊಂದು ಹೇಳಿಬಿಡು ಮಾರಾಯ, ಜನ ಕೇಳಂಗೆ."

ಹಾಳೆಯನ್ನು ಮಂಡಿಯ ಮೇಲಿಟ್ಟು ಬರೆದ. ಮೊಹರು ಒತ್ತಿದ. ಒದ್ದೆ ಶಾಯಿ ಆರಲೆಂದು ಬಾಯಿಂದ ಊದಿ, ಬೆಳ್ಳಪ್ಪನ ಎಡಗೈಗೆ ಎಟುಕುವಷ್ಟು ಹತ್ತಿರ ಹಿಡಿದ. ಬೆಳ್ಳಪ್ಪ ಓದಿದ. ತನ್ನ ಹೆಸರು ಸರಿಯಾಗಿಯೇ ಇತ್ತು. ಸೋಮವಾರಕ್ಕೆ ನಡುವೆ ಭಾನುವಾರ ಒಂದೇ ಉಳಿದಿತ್ತು. ಕಲ್ಲಿನ ಮೇಲಿದ್ದ ಕೈ ಮರಗಟ್ಟಿ, ಅದು ತನ್ನದೋ ಕಲ್ಲಿನದೋ ತಿಳಿಯುತ್ತಿರಲಿಲ್ಲ.

ಕೆಲಸ ನಾನೇ ಬಿಟ್ಟೆ ಎಂದು ಬೆಳ್ಳಪ್ಪ ಹೇಳಲಿಲ್ಲ.