ಹಲಗೆಯ ಮೇಲಿನ ಬಿಲ್ಲೆ

ಇವರನ್ನು ಕರೆದದ್ದೇ ತಪ್ಪಾಯಿತೇ? ಟೀವಿಯವನು ಅಣ್ಣ ಡೆಲ್ಮರ್‌ಗೆ ಇನ್ನೊಮ್ಮೆ ಕೆಮ್ಮಲು ಹೇಳಿದಾಗ ಹೋಬರ್ಟ್‌ಗೆ ಮೊದಲ ಸಲ ಹಾಗೆನಿಸಿತು. ಹಿಂದಿನ ಕೆಮ್ಮಿನ ಹೊತ್ತಿಗೆ ಹೊರಗೆ ಕಲ್ಲಿದ್ದಲ ಲಾರಿ ಹೋಗಿ ಸದ್ದು ಕೆಟ್ಟಿತಂತೆ.

"ಸೂಳೆಮಗ್ನೆ, ನೀ ತಿರುವ್ದಾಗ ಬರಕ್ಕೆ ಇದೇನ್ ನಲ್ಲಿ ನೀರಾ?" ಎಂದ ಡೆಲ್ಮರ್.

ಆದರೂ ಕೆಮ್ಮಿದ. ಮೂಗಿಗೆ ಸಿಕ್ಕಿಸಿದ್ದ ಆಮ್ಲಜನಕದ ಕೊಳವೆ ಜಾರಿತು. ಡಬ್ಬಿಗೆ ಉಗಿದದ್ದು ಕಪ್ಪಗಿತ್ತು. ಆಮೇಲೆ, ಹೇಳಲೆಂದೇ ಜೀವ ಹಿಡಿದುಕೊಂಡಿದ್ದ ಮಾತನ್ನು ಹೇಳಿದ. ಗಣಿಯಲ್ಲಿ ಧೂಳು ಅಳೆಯುವ ಯಂತ್ರವನ್ನು, ಲೆಕ್ಕ ಕಡಿಮೆ ತೋರಲೆಂದು, ಕೋಟಿನೊಳಗೆ ಮುಚ್ಚಿಟ್ಟುಕೊಳ್ಳಲು ಹೇಳುತ್ತಿದ್ದದ್ದು ಮ್ಯಾನೇಜರ್. ಒಲ್ಲೆನೆಂದವನಿಗೆ ಮರುದಿನ ಕೆಲಸವಿರಲಿಲ್ಲ.

"ಇದನ್ ತೋರುಸ್ತೀಯ ತಾನೆ?"

ಟೀವಿಯವನು ಅವನ ಕೈ ಹಿಡಿದು, ತೋರಿಸುತ್ತೇನೆ ಎಂದ.

ಭಾನುವಾರ ಟೀವಿಯಲ್ಲಿ ಕೆಮ್ಮು ತೋರಿಸಿದರು. ಅತ್ತಿಗೆ ಅರ್ಲೀನ್ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತದ್ದನ್ನು ತೋರಿಸಿದರು, ಹಿಂದೆ ಪಿಟೀಲು ಇತ್ತು. ಯಂತ್ರದ ಮಾತು ಇರಲಿಲ್ಲ. ಡೆಲ್ಮರ್ ಗೋಡೆಯ ಕಡೆ ತಿರುಗಿ ಮಲಗಿದ. ಒಂಬತ್ತನೆಯ ದಿನ ತೀರಿಹೋದ.

ಕೆಂಟಕಿಯ ಎಲ್ಲೆಲ್ಲಿಂದಲೋ ಮೇಣದಬತ್ತಿ, ಹೂವು, ಕರಡಿಗೊಂಬೆಗಳು ಬಂದವು. ಅದೇ ಕಣಿವೆಯಲ್ಲಿ ಅದೇ ಕೆಮ್ಮಿನಿಂದ ಸತ್ತ ಬೇರೆಯವರಿಗೆ ಪಾದ್ರಿ ಬಂದದ್ದೇ ಹೆಚ್ಚು.

ಗಣಿಯ ಬಾಗಿಲಲ್ಲಿ ಶೋಕಸಭೆ. ಅದೇ ಕ್ಯಾಮೆರಾ. ಡೆಲ್ಮರ್ ಕೆಲಸ ಬಿಡುವಾಗ ಕಂಪನಿಗೆ ಒಪ್ಪಿಸಿದ್ದ ಹಿತ್ತಾಳೆ ಬಿಲ್ಲೆಗೆ ಮ್ಯಾನೇಜರ್ ಮುತ್ತಿಟ್ಟು, ಅದನ್ನು ಹಾಜರಿ ಹಲಗೆಯ ಮೊಳೆಗೆ ತೂಗುಹಾಕಿದ. ಇನ್ನು ಇವನು ಯಾವತ್ತೂ ನಮ್ಮವನೇ ಎಂದ. ಹೊರಗಿನವರು ಕಣ್ಣೊರೆಸಿಕೊಂಡರು.

ಗಣಿಯವರು ನೆಲ ನೋಡಿದರು. ಹಲಗೆಯಲ್ಲಿ ಬಿಲ್ಲೆ ಇದೆಯೆಂದರೆ ಆಳು ಇನ್ನೂ ಕೆಳಗೆ ಗಣಿಯಲ್ಲಿದ್ದಾನೆ ಎಂದರ್ಥ. ಮೇಲೆ ಬಂದವನು ತನ್ನದನ್ನು ತೆಗೆದುಕೊಂಡೇ ಮನೆಗೆ ಹೋಗುತ್ತಾನೆ.

"ಸತ್ ಮ್ಯಾಲೂ ಪಾಳಿಗೆ ಹಾಕವ್ನೆ ನೋಡು, ಬೋಳಿಮಗ," ಎಂದ ಹಿಂದಿನಿಂದ ಒಬ್ಬ ಮುದುಕ.

ಹೋಬರ್ಟ್ ಜನರನ್ನು ಸರಿಸಿಕೊಂಡು ಹೋಗಿ ಬಿಲ್ಲೆ ಕಿತ್ತುಕೊಂಡ.

"ನಮ್ಮಣ್ಣ ಮ್ಯಾಲಕ್ ಬಂದವ್ನೆ," ಎಂದ ಮ್ಯಾನೇಜರ್‌ಗೆ.

ಟೀವಿಯವನು ಓಡಿಬಂದ. "ಮುಖ ಸರಿಯಾಗಿ ಬರ್ಲಿಲ್ಲ. ಬಿಲ್ಲೆ ಇನ್ನೊಂದ್ ಸಲ ತೆಗೀತೀರಾ?"

ಹೋಬರ್ಟ್ ತಿರುಗಲಿಲ್ಲ. ಬಿಲ್ಲೆಯನ್ನು ಅರ್ಲೀನಳ ಅಂಗೈಯಲ್ಲಿಟ್ಟ. ಅವಳು ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

"ಈ ಹದ್ದುಗಳ್ನ ನಮ್ಮನೆ ಬಾಗ್ಲಿಗ್ ಕರ್ದೋನ್ ಯಾವನೋ, ಅವನ್ ಕೈ ಸೇದೋಗ ಕಣೋ ಹೋಬರ್ಟ್," ಎಂದಳು.

ಟೀವಿಯವರಿಗೆ ಫೋನ್ ಮಾಡಿದ್ದು ತಾನೇ ಎಂದು ಹೋಬರ್ಟ್ ಅವಳಿಗೆ ಎಂದೂ ಹೇಳಲಿಲ್ಲ.