ಅವನ ಪಾಲಿನ ಮಾತು

ಇಪ್ಪತ್ತು ವರ್ಷಕ್ಕೂ ಮೇಲೆ ಒಬ್ಬನ ಜೊತೆ ಜಗಳವಾಡಿದ್ದೇನೆ, ಅವನ ದನಿ ಮಾತ್ರ ಒಮ್ಮೆಯೂ ಕೇಳಿಲ್ಲ. ಅವನೂ ಕನ್ನಡದವನೇ, ಆದರೆ ಇದ್ದದ್ದು ಬೇರೆ ದೇಶದಲ್ಲಿ. ನಾನು ಅವನನ್ನು ಪಾಲುದಾರ ಎನ್ನುತ್ತಿದ್ದೆ. ಇಬ್ಬರೂ ಅರ್ಥಶಾಸ್ತ್ರದವರು. ಒಂದು ಬಡ ದೇಶದಿಂದ ಚಪ್ಪಲಿ ರಫ್ತು ಹೆಚ್ಚಾದರೆ ಅದನ್ನು ಹೊಲಿಯುವ ಹೆಂಗಸರ ಕೈಗೆ ಏನಾದರೂ ಸೇರುತ್ತದೆಯೇ, ಇಂಥವು ನಮ್ಮ ಪ್ರಶ್ನೆಗಳು. ಅಂಕಿಅಂಶ ಅವನದು, ವೇದಿಕೆ ನನ್ನದು. ಯಾರಿಗೆ ಯಾವುದು ಸಲೀಸೋ ಅದನ್ನು ಮಾಡಿ ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಲಾಭ. ನಮ್ಮ ಶಾಸ್ತ್ರದ ಮೊದಲ ಪಾಠವೇ ಅದು.

ಲಾಭವೇನೋ ಆಯಿತು, ಹೆಸರೂ ಬಂತು. ಆದರೆ ಭಾಷಣ ಮುಗಿಸಿ ಹೋಟೆಲಿನ ಕೋಣೆಗೆ ಬಂದು, ಕೊರಳಿನ ಹೆಸರಿನ ಚೀಟಿ ಬಿಚ್ಚಿಟ್ಟ ಮೇಲೆ, ಹೇಗಾಯ್ತು ಎಂದು ಕೇಳುವ ನರಪಿಳ್ಳೆಯೂ ಇರುತ್ತಿರಲಿಲ್ಲ. ಮದುವೆಯಾಗಲಿಲ್ಲ. ಅಣ್ಣನ ಮಕ್ಕಳಿಗೆ ನಾನು 'ಏರ್‌ಪೋರ್ಟ್ ಅತ್ತೆ'. ಫೋನ್ ಮಾಡಲೇ ಎಂದು ಪಾಲುದಾರನಿಗೆ ಬರೆದರೆ ಒಂದೇ ಉತ್ತರ: "ಬರೆಯಿರಿ, ಸಾಕು." ಮೈಯೆಲ್ಲ ಉರಿಯುತ್ತಿತ್ತು. "ಮಾತಾಡಿದರೆ ಮುತ್ತು ಉದುರುತ್ತಾ?" ಎಂದು ಒಮ್ಮೆ ಬರೆದೇಬಿಟ್ಟೆ. ಅದಕ್ಕೆ ಉತ್ತರವಾಗಿ ಅವನು ಒಂದು ಕೋಷ್ಟಕ ತಿದ್ದಿ ಕಳಿಸಿದ.

ಹೋದ ತಿಂಗಳು ಅವನು ತೀರಿಕೊಂಡ ಸುದ್ದಿ ಅವನ ವಿಶ್ವವಿದ್ಯಾಲಯದಿಂದ ಬಂತು. ನಮ್ಮ ಕೊನೆಯ ಪ್ರಬಂಧ ಅಚ್ಚಿಗೆ ಹೋಗುವುದರಲ್ಲಿತ್ತು. ಅದರಲ್ಲಿ ಅವನ ಹೆಸರು ಉಳಿಯಬೇಕಾದರೆ ಮನೆಯವರ ಒಪ್ಪಿಗೆ ಬೇಕು ಎಂದರು ಸಂಪಾದಕರು. ನಿಜ ಹೇಳಬೇಕೆಂದರೆ ಒಪ್ಪಿಗೆಗಿಂತ ಹೆಚ್ಚಾಗಿ ನನಗೆ ಇನ್ನೊಂದು ಬೇಕಿತ್ತು. ಇಷ್ಟು ವರ್ಷ ಅವನಿಗೆ ನಾನು ಯಾರಾಗಿದ್ದೆ? ಬರೀ ಒಂದು ಬಾಯಿಯೇ? ಹಾಗಿದ್ದರೆ ನನ್ನ ಅರ್ಧ ಆಯಸ್ಸು ಗೋಡೆಯ ಜೊತೆ ಮಾತಾಡಿ ಕಳೆದಂತೆ. ಕೋಣೆಯ ಬಾಗಿಲು ಹಾಕಿಕೊಂಡು ಅವನ ಹೆಂಡತಿಗೆ ಫೋನ್ ಮಾಡಿದೆ.

ಪ್ರಬಂಧದ ವಿಷಯ ಎನ್ನುತ್ತಿದ್ದಂತೆ ಆಕೆ, "ಓ, ಜಗಳಗಂಟಿನಾ?" ಎಂದರು.

"ಏನಂದ್ರಿ?"

"ಬೇಜಾರ್ ಮಾಡ್ಕೋಬೇಡಿ. ನಮ್ಮನೆಯವರು ನಿಮ್ಮನ್ನ ಕರೀತಿದ್ದಿದ್ದೇ ಹಾಗೆ. 'ಜಗಳಗಂಟಿ ಒಪ್ಪಲ್ಲ, ಮತ್ತೆ ಲೆಕ್ಕ ಹಾಕ್ಬೇಕು' ಅಂತ ಅರ್ಧ ಊಟಕ್ಕೇ ಏಳೋರು. ಅಷ್ಟು ಹೇಳೋದ್ರೊಳಗೆ ಅನ್ನ ಆರಿ ಹೋಗಿರೋದು ಅನ್ನಿ."

"ಯಾಕೆ?"

"ಅವ್ರಿಗೆ ಉಗ್ಗು ಇತ್ತಲ್ಲ. ಒಂದು ಮಾತು ಹೊರಗೆ ಬರ್ಬೇಕಾದ್ರೆ ಸಾಕುಸಾಕಾಗೋದು. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಅವನು ಅಲ್ಪವಿರಾಮ ಎಲ್ಲಿ ಹಾಕುತ್ತಾನೆ, ಯಾವ ಅಂಕಿಯನ್ನು ನಂಬುವುದಿಲ್ಲ, ಎಲ್ಲ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

"ನಿಮ್ಮ ಭಾಷಣಗಳನ್ನ ಕಂಪ್ಯೂಟರಲ್ಲಿ ಹಾಕ್ಕೊಂಡು ಕೂರೋರು," ಎಂದರು ಆಕೆ. "ನಿಮ್ಮ ಜೊತೆಗೇ ತುಟಿ ಅಲ್ಲಾಡಿಸೋರು. ಏನ್ರೀ ಇದು, ಜಪ ಮಾಡ್ದಂಗೆ ಅಂತ ಒಂದ್ಸಲ ಕೇಳ್ದೆ. 'ನಾ... ನಾನೇ ಮಾತಾಡ್ತಿರೋದು ಕಣೇ' ಅಂದ್ರು."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಅಳು ಒತ್ತರಿಸಿ ಬಂತು. ಸಿಟ್ಟೂ ಬಂತು. ಅಯ್ಯೋ ಮಹಾರಾಯ, ಇದನ್ನೊಂದು ಸಾಲು ಬರೆಯಬಾರದಿತ್ತೇ? ಕೋಷ್ಟಕದ ಕೆಳಗೆ ಅಡಿಟಿಪ್ಪಣಿಯಾಗಿಯಾದರೂ?

"ಸಹಿ ಹಾಕ್ತೀನಿ, ಅದಕ್ಕೇನಂತೆ," ಎಂದರು ಆಕೆ. ಆಮೇಲೆ ದನಿ ಸಣ್ಣದಾಯಿತು. "ಈ ಮನೇಲಿ ಮೊದಲೇ ಮಾತು ಕಮ್ಮಿ. ಈಗ ಅದೂ ಇಲ್ಲ. ಅವರ ಪರವಾಗಿ ಊರೂರಲ್ಲಿ ಮಾತಾಡಿದೀರಿ. ನನ್ನ ಹತ್ರಾನೂ ಸ್ವಲ್ಪ ಮಾತಾಡಿ."

ಸಾವಿರ ಜನರ ಮುಂದೆ ತಡವರಿಸದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು.

"ನಾ... ನಾನು..." ಎಂದೆ.

ಆಕೆ ಅವಸರ ಮಾಡಲಿಲ್ಲ. ಕಾದು ಅಭ್ಯಾಸವಿದ್ದವರು.